ಮೇಲೆ ಥಳುಕು, ಅಡಿಯಲ್ಲಿ ತುಕ್ಕು

ಉತ್ತರ ಜರ್ಮನಿಯ ಹ್ಯಾನೋವರ್ ನಗರದ ವಾಯವ್ಯ ಅಂಚಿನಲ್ಲಿ ಸ್ಟೋಕೆನ್ ಎಂಬ ಬಡಾವಣೆಯಿದೆ. ಸರಕು ದೋಣಿಗಳು ಸಾಗುವ ಕಾಲುವೆ, ಅದರ ಬಳಿ ಹಬ್ಬಿ ನಿಂತ ಫೋಕ್ಸ್‌ವ್ಯಾಗನ್ ಕಾರ್ಖಾನೆ. ಪ್ರವಾಸಿಗರ ಪಟ್ಟಿಯಲ್ಲಿ ಈ ಜಾಗದ ಹೆಸರು ಅಷ್ಟಾಗಿ ಕಾಣದು. ಆದರೆ ಹಳೆಯ ವ್ಯಾನುಗಳ ಹುಚ್ಚು ಹತ್ತಿದವರಿಗೆ ಇದೊಂದು ಯಾತ್ರಾಸ್ಥಳ. 1956ರ ಮಾರ್ಚ್‌ನಿಂದ ಈ ಕಂಪನಿಯ ವ್ಯಾನುಗಳ ತವರೂರು ಇದೇ.

ವ್ಯಾನಿನ ಕಥೆ ಶುರುವಾದದ್ದು ಮಾತ್ರ ಅಲ್ಲಿಂದ ಪೂರ್ವಕ್ಕಿರುವ ವುಲ್ಫ್ಸ್‌ಬರ್ಗ್‌ನಲ್ಲಿ. ಅಲ್ಲಿನ ಕಾರ್ಖಾನೆಯೊಳಗೆ ಬಿಡಿಭಾಗ ಸಾಗಿಸಲು ಬೀಟಲ್ ಕಾರಿನ ಚಾಸಿಯ ಮೇಲೆ ಕಟ್ಟಿಕೊಂಡಿದ್ದ ಗಾಡಿಯನ್ನು ಬೆನ್ ಪೋನ್ ಎಂಬ ಡಚ್ ವ್ಯಾಪಾರಿ ಕಂಡ. 1947ರ ಏಪ್ರಿಲ್‌ನಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಂಥ ಒಂದು ಚಿತ್ರ ಬರೆದ: ಎಂಜಿನ್ ಹಿಂದೆ, ಚಾಲಕ ಮುಂದೆ, ಸರಕು ನಡುವೆ. 1950ರಲ್ಲಿ ಅದು ರಸ್ತೆಗಿಳಿಯಿತು. ಶಕ್ತಿ ಕೇವಲ 25 ಅಶ್ವಶಕ್ತಿ. ಬ್ರೆಡ್ ಮಾರುವವರು, ನಲ್ಲಿ ರಿಪೇರಿಯವರು ದುಡಿಸಿಕೊಂಡ ಈ ಗಾಡಿ ಅರವತ್ತರ ದಶಕದಲ್ಲಿ ಅಮೆರಿಕದ ಹಿಪ್ಪಿಗಳ ಕೈಸೇರಿ ಮೈತುಂಬ ಹೂ ಬರೆಸಿಕೊಂಡಿತು.

ಕರ್ನಾಟಕದ ಹಿರಿಯರಿಗೆ ವ್ಯಾನೆಂದರೆ ನೆನಪಾಗುವುದು ಮೆಟಡೋರ್. ಅದಕ್ಕೂ ಈ ಊರಿಗೂ ನಂಟುಂಟು. ಹ್ಯಾಂಬರ್ಗಿನ ಟೆಂಪೊ ಕಂಪನಿ 1949ರಲ್ಲಿ ಹೊರತಂದ ಮೊದಲ ಮೆಟಡೋರ್‌ನಲ್ಲಿ ಇದ್ದದ್ದು ಫೋಕ್ಸ್‌ವ್ಯಾಗನ್ ಎಂಜಿನ್. ಮುಂದೆ ಟೆಂಪೊ ಹ್ಯಾನೋವರಿನ ಹ್ಯಾನೊಮಾಗ್ ಕಂಪನಿಯ ಪಾಲಾಯಿತು. ಪುಣೆಯ ಬಜಾಜ್ ಟೆಂಪೊ ಆ ಹೆಸರನ್ನು ಭಾರತದಲ್ಲಿ ಮನೆಮಾತಾಗಿಸಿತು.

ಜರ್ಮನಿಗೆ ಓದಲು ಹೋಗುವ ಕನ್ನಡದ ಹುಡುಗ ಹುಡುಗಿಯರು ಈಗ ಕಡಿಮೆಯೇನಿಲ್ಲ. ನಾಲ್ವರು ಗೆಳೆಯರು ದುಡ್ಡು ಕೂಡಿಸಿ ಹಳೆಯ ವ್ಯಾನೊಂದನ್ನು ಕೊಂಡು, ರಜೆಯಲ್ಲಿ ಅದರಲ್ಲೇ ಮಲಗೆದ್ದು ಊರೂರು ಸುತ್ತುವ ಆಸೆ ಆ ವಯಸ್ಸಿಗೆ ಸಹಜ. ಸಾಲ ಮಾಡಿ ಕಳುಹಿಸಿದ ತಂದೆತಾಯಿಗೆ ಆತಂಕವೂ ಅಷ್ಟೇ ಸಹಜ. ಇಬ್ಬರ ನೆಮ್ಮದಿಗೂ ಇರುವ ದಾರಿಯೆಂದರೆ ಬಣ್ಣಕ್ಕೆ ಮರುಳಾಗದೆ, ಬಗ್ಗಿ ಗಾಡಿಯ ಅಡಿ ನೋಡುವುದು.

ಜರ್ಮನಿಯಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಗಾಡಿಯ ಅಡಿಭಾಗವನ್ನು ಗೆದ್ದಲಿನಂತೆ ತಿನ್ನುತ್ತದೆ. ಈ ವ್ಯಾನಿನಲ್ಲಿ ಚೌಕಟ್ಟನ್ನು ಮೈಗೇ ಬೆಸೆದಿರುವುದರಿಂದ ಅಡಿ ಹೋದರೆ ಗಾಡಿಯೇ ಹೋದಂತೆ. ಜಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಚಾಲಕನ ಕಾಲಡಿಯ ತಗಡು, ಬ್ಯಾಟರಿ ಕೂರುವ ತಟ್ಟೆ ಇವನ್ನೆಲ್ಲ ಟಾರ್ಚ್ ಹಿಡಿದು ನೋಡಬೇಕು. ಜೇಬಿನಲ್ಲೊಂದು ಚಿಕ್ಕ ಅಯಸ್ಕಾಂತವಿದ್ದರೆ ಸಾಕು. ಬಟ್ಟೆ ಸುತ್ತಿ ಮೈಮೇಲೆ ಆಡಿಸಿದಾಗ ಅದು ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಒಳಗಿರುವುದು ಪುಟ್ಟಿ! ಎಂಜಿನ್ ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ಕೊಳೆತ ಚೌಕಟ್ಟಿನ ಟಿಂಕರಿಂಗ್ ಖರ್ಚು ಕೆಲವೊಮ್ಮೆ ಗಾಡಿಯ ಬೆಲೆಯನ್ನೇ ಮೀರುತ್ತದೆ.

ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸುವುದು ಒಳ್ಳೆಯದು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಏಕೆಂದು ಕೇಳಬೇಕು. ಗಾಳಿಯಿಂದ ತಣಿಯುವ ಹಳೆಯ ಎಂಜಿನ್ ಆಗಿದ್ದರೆ, ಅದನ್ನು ನಿಲ್ಲಿಸಿ ಹಿಂದಿರುವ ದೊಡ್ಡ ಪುಲ್ಲಿಯನ್ನು ಹಿಡಿದು ಹಿಂದೆ ಮುಂದೆ ಎಳೆದು ನೋಡಬೇಕು. ಟಕ್ಕೆಂದು ಆಡಿದರೆ ಎಂಜಿನ್ ಬಿಚ್ಚುವ ಕಾಲ ಬಂತೆಂದೇ ಅರ್ಥ.

ಜೀವಕ್ಕೆ ಸಂಬಂಧಿಸಿದ ಎರಡು ಸಂಗತಿಗಳನ್ನಂತೂ ಮರೆಯಲೇಬಾರದು. ಪೆಟ್ರೋಲ್ ಸಾಗುವ ರಬ್ಬರ್ ಕೊಳವೆ ಬಿರುಕು ಬಿಟ್ಟರೆ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಜಿನುಗಿ ಬೆಂಕಿ ಹತ್ತೀತು. ಕೊಳವೆ ಅಗ್ಗದ ವಸ್ತು, ಕೊಂಡ ದಿನವೇ ಬದಲಿಸಿಬಿಡಬೇಕು. ಇನ್ನು ಹಳೆಯ ಎಂಜಿನ್ನಿನ ಹೀಟರ್ ಕೆಲಸ ಮಾಡುವುದು ಹೊಗೆ ಕೊಳವೆಯ ಸುತ್ತ ಗಾಳಿ ಹಾಯಿಸಿ. ಆ ಕೊಳವೆ ತುಕ್ಕು ಹಿಡಿದು ತೂತಾದರೆ ಬೆಚ್ಚನೆಯ ಗಾಳಿಯ ಜೊತೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷವೂ ಒಳಗೆ ಬರುತ್ತದೆ. ಇಷ್ಟೆಲ್ಲ ಸರಿಯಿದ್ದರೂ ಇದರಲ್ಲಿ ಏರ್‌ಬ್ಯಾಗ್ ಇಲ್ಲ. ಚಾಲಕನ ಮೊಣಕಾಲಿನ ಮುಂದೆ ಇರುವುದು ಬರೀ ತಗಡು. ಬ್ರೆಜಿಲ್‌ನಲ್ಲಿ 2013ರ ಡಿಸೆಂಬರ್‌ವರೆಗೆ ತಯಾರಾಗುತ್ತಿದ್ದ ಇದರ ಎರಡನೆಯ ಪೀಳಿಗೆಯ ವ್ಯಾನು ನಿಂತುಹೋದದ್ದೇ ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಕಡ್ಡಾಯವಾದಾಗ.

ಕಾಗದಪತ್ರಗಳತ್ತಲೂ ಗಮನ ಬೇಕು. ಜರ್ಮನಿಯಲ್ಲಿ ನೋಂದಣಿ ಪತ್ರ ಎರಡು ಭಾಗವಾಗಿರುತ್ತದೆ: ಒಂದು ಗಾಡಿಯ ಜೊತೆ ಒಯ್ಯಲು, ಇನ್ನೊಂದು ಮನೆಯಲ್ಲಿ ಜೋಪಾನವಾಗಿಡಲು. ಚಾಸಿ ನಂಬರ್ ಎರಡಕ್ಕೂ ಹೊಂದಬೇಕು. ಕರ್ನಾಟಕದ ಎಫ್‌ಸಿಯಂಥ ತಪಾಸಣೆ ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಹಿಂದಿನ ನಂಬರ್ ಪ್ಲೇಟಿನ ದುಂಡನೆಯ ಬಿಲ್ಲೆಯೇ ಅದರ ಗುರುತು: ನಡುವಿನ ಅಂಕಿ ವರ್ಷ, ತುದಿಯಲ್ಲಿರುವ ಅಂಕಿ ತಿಂಗಳು. 30 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಗಾಡಿಗೆ 1997ರಿಂದ ‘ಎಚ್’ ಅಕ್ಷರದ ವಿಶೇಷ ನಂಬರ್ ಸಿಗುತ್ತದೆ. ಅದರ ತೆರಿಗೆ ವರ್ಷಕ್ಕೆ ಸುಮಾರು 191 ಯೂರೋ. ವಿಮೆಯಿಲ್ಲದೆ ನೋಂದಣಿಯೇ ಆಗದು. ಭಾರತದ ಲೈಸೆನ್ಸ್ ಅಲ್ಲಿ ನೆಲೆಸಿದ ಮೊದಲ ಆರು ತಿಂಗಳಿಗೆ ಮಾತ್ರ. ಆಮೇಲೆ ಜರ್ಮನ್ ಪರೀಕ್ಷೆ ಪಾಸಾಗಲೇಬೇಕು.

ಮುಂಗಡ ಕೊಡುವ ಮೊದಲೇ ತಪಾಸಣೆ ಕೇಂದ್ರಕ್ಕೋ ಪರಿಚಯದ ಗ್ಯಾರೇಜಿಗೋ ಒಯ್ದು ಗಾಡಿಯನ್ನು ಎತ್ತಿಸಿ ತೋರಿಸಿದರೆ, ಆ ಶುಲ್ಕ ದಂಡವಲ್ಲ. ಮಾರುವವನು ಅದಕ್ಕೆ ಒಪ್ಪದಿದ್ದರೆ ಕೈಮುಗಿದು ಹೊರಟುಬಿಡುವುದೇ ಲೇಸು. ಹಳೆಯ ವ್ಯಾನುಗಳು ಇನ್ನೂ ಸಿಗುತ್ತವೆ.