ಎವರ್‌ಸಿಲ್ವರಿಗೂ ಬೆಂಕಿಯ ಲೆಕ್ಕವಿದೆ



ಕೊಯಮತ್ತೂರಿನಲ್ಲಿ ನನ್ನದು ನಲವತ್ತು ವರ್ಷಗಳ ಪಾತ್ರೆ ವ್ಯಾಪಾರ. ತಿರುಪ್ಪೂರಿನ ಬಳಿಯ ಅನುಪ್ಪರ್‌ಪಾಳ್ಯದಲ್ಲಿ ತಯಾರಾಗುವ ಹಿತ್ತಾಳೆ, ತಾಮ್ರ, ಎವರ್‌ಸಿಲ್ವರ್ ಪಾತ್ರೆಗಳೇ ನಮ್ಮ ಜೀವನಾಧಾರ. ಹೆಸರೇ ಎವರ್‌ಸಿಲ್ವರ್ ಆದ್ದರಿಂದ ಅದು ಎಂದೂ ಕೆಡುವುದಿಲ್ಲವೆಂದು ಗಿರಾಕಿಗಳ ನಂಬಿಕೆ. ಆ ನಂಬಿಕೆಗೂ ಒಂದು ಮಿತಿಯುಂಟು.

ಈ ಉಕ್ಕಿನ ಬಲವೆಲ್ಲ ಕ್ರೋಮಿಯಂನಲ್ಲಿದೆ. ಸಾಮಾನ್ಯವಾಗಿ ಬಳಸುವ 304 ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯಾಗಿ ತುಕ್ಕನ್ನು ತಡೆಯುತ್ತದೆ. ಒಲೆಯ ಮೇಲೆ ಖಾಲಿ ಪಾತ್ರೆ ಕಾದಾಗ ಕಾಣುವ ನೀಲಿ ಛಾಯೆ ಆ ಪೊರೆ ದಪ್ಪಗಾದ ಗುರುತು. ಅಷ್ಟಕ್ಕೇ ಗಾಬರಿ ಬೇಡ.

ಬೆಸುಗೆಯ ಬೆಂಕಿಯ ಮಾತೇ ಬೇರೆ. ತಿರುಪ್ಪೂರಿನಲ್ಲಿರುವ ನನ್ನ ತಮ್ಮನ ಮಗ, ತಂಗಿಯ ಮದುವೆಗೆಂದು ಇಟ್ಟಿದ್ದ ಹಣದಿಂದ ಬಟ್ಟೆಗೆ ಬಣ್ಣ ಹಾಕುವ ಹಳೆಯ ಯಂತ್ರವೊಂದನ್ನು ಕೊಳ್ಳಲು ಹೊರಟಿದ್ದ. ಟಾರ್ಚ್ ಹಾಕಿ ಒಳಗೆ ನೋಡಿದರೆ ಒಂದೇ ಜಾಗದಲ್ಲಿ ಬೆಸುಗೆಯ ಮೇಲೆ ಬೆಸುಗೆ, ಅದರ ಪಕ್ಕದಲ್ಲಿ ಕಂದು ಗೆರೆ.

"ದೊಡ್ಡಪ್ಪ, ಉಜ್ಜಿದರೆ ಹೋಗುತ್ತದಲ್ಲ?" ಎಂದ.

"ಬಣ್ಣ ಹೋಗುತ್ತದಪ್ಪ, ರೋಗ ಹೋಗುವುದಿಲ್ಲ" ಎಂದೆ.

ಕಾರಣ ಹೀಗಿದೆ. ಈ ಉಕ್ಕು ಕರಗಬೇಕಾದರೆ 1400 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಬೇಕು. ಕರಗಿದ ಭಾಗ ಆರುವಾಗ ಕುಗ್ಗುತ್ತದೆ. ಸುತ್ತಲಿನ ತಣ್ಣನೆಯ ತಗಡು ಅದನ್ನು ಕುಗ್ಗಗೊಡುವುದಿಲ್ಲ. ಆ ಎಳೆತ ಒಳಗೇ ಉಳಿಯುತ್ತದೆ. ಸಾಮಾನ್ಯ ಕಬ್ಬಿಣಕ್ಕಿಂತ ಇದು ಹೆಚ್ಚು ಹಿಗ್ಗುತ್ತದೆ, ಶಾಖವನ್ನು ಬೇಗ ಹರಿಯಬಿಡುವುದಿಲ್ಲ. ಮತ್ತೆ ಮತ್ತೆ ಹೀಗಾದರೆ ತಗಡು ಸೊಟ್ಟಗಾಗುತ್ತದೆ, ಕೂದಲೆಳೆಯ ಬಿರುಕು ಬಿಡಬಹುದು.

ಇನ್ನೊಂದು ಕೇಡು ಪಕ್ಕದಲ್ಲಿ ಆಗುತ್ತದೆ. ಸುಮಾರು 450ರಿಂದ 850 ಡಿಗ್ರಿಯಲ್ಲಿ ಹೆಚ್ಚು ಹೊತ್ತು ನಿಂತ ಜಾಗದಲ್ಲಿ, ಉಕ್ಕಿನೊಳಗಿನ ಇಂಗಾಲವು ಕ್ರೋಮಿಯಂ ಅನ್ನು ಕಟ್ಟಿಹಾಕುತ್ತದೆ. ಅಲ್ಲಿ ಪೊರೆ ಕಟ್ಟಲು ಸಾಕಷ್ಟು ಕ್ರೋಮಿಯಂ ಉಳಿಯುವುದಿಲ್ಲ. ಹತ್ತಿಬಟ್ಟೆಯ ಬಣ್ಣದ ನೀರಿಗೆ ಉಪ್ಪು ಹಾಕುವುದುಂಟು. ಆ ಉಪ್ಪು ಇಂಥ ದುರ್ಬಲ ಜಾಗವನ್ನೇ ಕೊರೆಯುತ್ತದೆ. ಕಂದು ಗೆರೆ ಬೆಸುಗೆಯ ಪಕ್ಕದಲ್ಲಿ ಮೂಡಿದ್ದು ಇದಕ್ಕಾಗಿ.

ಹುಡುಗ ಆ ಯಂತ್ರವನ್ನು ಬಿಟ್ಟ. ಮದುವೆಯ ಹಣ ಮದುವೆಗೇ ಉಳಿಯಿತು.

ಹಳೆಯ ಸ್ಟೀಲ್ ಯಂತ್ರ ಕೊಳ್ಳುವವರು ಮೇಲಿನ ಹೊಳಪಿಗೆ ಮರುಳಾಗದೆ, ಒಂದೇ ಜಾಗಕ್ಕೆ ಎಷ್ಟು ಸಲ ಬೆಸುಗೆ ಬಿದ್ದಿದೆ ಎಂದು ಮೊದಲು ಕೇಳಿ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಇಂಗಾಲ ಕಡಿಮೆಯಿರುವ 304ಎಲ್ ಅಥವಾ 316ಎಲ್ ತಗಡು ಕೂರಿಸುವುದು ಮೇಲು. ಬೆಸುಗೆಯ ಮೇಲೆ ಬೆಸುಗೆ ಹಾಕುವುದು, ಬಡ್ಡಿ ತೀರಿಸಲು ಮತ್ತೆ ಸಾಲ ಮಾಡಿದಂತೆ.