ದೊಡ್ಡವರ ಬೇಸಿಗೆ ಶಿಬಿರ

ಬೇಸಿಗೆ ಶಿಬಿರ ಎಂದರೆ ಮಕ್ಕಳಿಗೆ ಎಂದೇ ಎಲ್ಲರ ಲೆಕ್ಕ. ಆದರೆ ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ಹಾಗ್ ಐಲ್ಯಾಂಡ್ ಎಂಬ ದ್ವೀಪವಿದೆ. ಅಲ್ಲಿನ ವನ್ಯಧಾಮದಲ್ಲಿ ಆಡುಬಾನ್ ಸಂಸ್ಥೆ 1936ರಲ್ಲಿ ತೆರೆದ ನಿಸರ್ಗ ಶಿಬಿರ ದೊಡ್ಡವರಿಗಾಗಿಯೇ ಇತ್ತು. ಮೊದಲ ವರ್ಷ ಹಕ್ಕಿಗಳ ಪಾಠ ಹೇಳಿದವರು ರೋಜರ್ ಟೋರಿ ಪೀಟರ್ಸನ್. ಹಕ್ಕಿ ಗುರುತಿಸುವುದನ್ನು ಜನಸಾಮಾನ್ಯರಿಗೂ ಸುಲಭ ಮಾಡಿದ ಅವರ ಕೈಪಿಡಿ ಬಂದು ಆಗ ಎರಡೇ ವರ್ಷ.

ಮುಂದೆ ಅದೇ ಶಿಬಿರದಲ್ಲಿ ಪಾಠ ಮಾಡುತ್ತಿದ್ದ ಸ್ಟೀಫನ್ ಕ್ರೆಸ್ ಅವರಿಗೆ ಒಂದು ಸಂಗತಿ ತಿಳಿಯಿತು. ಹತ್ತಿರದ ಈಸ್ಟರ್ನ್ ಎಗ್ ರಾಕ್ ಎಂಬ ನಡುಗಡ್ಡೆಯಲ್ಲಿ ಹಿಂದೆ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಗೂಡು ಮಾಡುತ್ತಿದ್ದವು. 19ನೇ ಶತಮಾನದಲ್ಲಿ ಬೇಟೆಗೆ ಸಿಕ್ಕಿ ಅಲ್ಲಿಂದ ಮಾಯವಾದವು. ಕ್ರೆಸ್ ಸುಮ್ಮನಿರಲಿಲ್ಲ. 1973ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಮರಿಗಳನ್ನು ತಂದರು. ಅವಕ್ಕೆ ಬಿಲ ಮಾಡಿಕೊಟ್ಟು, ಮೀನು ಹಾಕಿ ಸಾಕಿದರು. ರೆಕ್ಕೆ ಬಲಿತ ಮರಿಗಳು ಕಡಲಿಗೆ ಹೊರಟುಹೋದವು. ಹಿಂದಿರುಗಿದಾಗ ಜೊತೆಯವರಿದ್ದಾರೆ ಎಂಬ ಧೈರ್ಯ ಬರಲೆಂದು ಬಂಡೆಗಳ ಮೇಲೆ ಮರದ ಪಫಿನ್ ಗೊಂಬೆಗಳನ್ನು ನಿಲ್ಲಿಸಿದರು.

ಕಾದದ್ದು ಒಟ್ಟು ಎಂಟು ವರ್ಷ.

1981ರಲ್ಲಿ ಪಫಿನ್ ಒಂದು ಕೊಕ್ಕಿನ ತುಂಬ ಮೀನು ಕಚ್ಚಿಕೊಂಡು ಬಂಡೆಯ ಸಂದಿಗೆ ನುಗ್ಗಿತು. ಒಳಗೆ ಮರಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ! ಗೊಂಬೆ ತೋರಿಸಿ ಕಡಲಹಕ್ಕಿಗಳನ್ನು ಹಳೆಯ ನೆಲೆಗೆ ಕರೆತರುವ ಈ ಉಪಾಯವನ್ನು ಆಮೇಲೆ ಬೇರೆ ಬೇರೆ ದೇಶಗಳೂ ಅನುಸರಿಸಿದವು.

ಹಾಗ್ ಐಲ್ಯಾಂಡ್‌ನಲ್ಲಿ ದೊಡ್ಡವರ ಶಿಬಿರ ಈಗಲೂ ನಡೆಯುತ್ತದೆ. ಬಂದವರು ದುರ್ಬೀನು ಹಿಡಿದು ದೋಣಿ ಹತ್ತಿ, ಅದೇ ನಡುಗಡ್ಡೆಯ ಸುತ್ತ ಪಫಿನ್‌ಗಳನ್ನು ಕಣ್ತುಂಬ ನೋಡಿ ಬರುತ್ತಾರೆ.