ಕೌದಿಯ ಒಳಪದರ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಉಣ್ಣೆ ಹೆಣೆಯುವ ಕಡ್ಡಿ ಅಪರೂಪ. ಕೌದಿ ಹೊಲಿಯುವ ಸೂಜಿಗೆ ಬರವಿಲ್ಲ. ಜೋಳದ ರಾಶಿ ಮುಗಿದು ಬಿಸಿಲು ಏರಿದಾಗ ಕೌದಿಯ ಕಾಲ. ಸವೆದ ಸೀರೆಯನ್ನು ನೆಲಕ್ಕೆ ಬಿಗಿಯಾಗಿ ಹಾಸಿ, ಹರಿದ ಧೋತರ, ಲಂಗ, ಅಂಗಿಯ ತುಂಡುಗಳನ್ನು ಸುಕ್ಕಿಲ್ಲದಂತೆ ಹರವಿ, ಮೇಲೊಂದು ಸೀರೆ ಮುಚ್ಚಿ, ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ದಾರ ಓಡಿಸುತ್ತಾರೆ. ಓಣಿಯ ಹೆಂಗಸರು ಮೂಲೆಗೊಬ್ಬರಂತೆ ಕುಳಿತು ಹೊಲಿಯುತ್ತಿದ್ದ ಕಾಲ ಸರಿದು ಕೂಲಿಗೆ ಹೊಲಿಯುವವರು ಬಂದರು; ಪಕ್ಕದ ಸೊಲ್ಲಾಪುರದ ಚಾದರ, ಸಂತೆಯ ರಗ್ಗು ಬಂದವು. ಮಮತೆಯೇ ಹೋಯಿತೆಂದು ಹಲುಬುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೂಲಿಗೆ ಹೊಲಿಯುವಾಕೆ ಸೂಜಿ ತಂದಾಳು. ಅರಿವಿಯ ಗಂಟು ಬಿಚ್ಚಬೇಕಾದವರು ಮನೆಯವರೇ. ಕೂಸಿನ ಮೈಗೆ ತಾಗುವ ಬದಿಗೆ ಅಜ್ಜಿಯ ಯಾವ ಸೀರೆ, ಒಳಗೆ ಯಾರ ಧೋತರ ಎಂದು ಆರಿಸುವಾಗಲೇ ಕೌದಿ ಅರ್ಧ ಆದಂತೆ. ಗಂಜಿ ಬಿಡದ ಹೊಸ ಬಟ್ಟೆ ಎಳೆಮೈಗೆ ಒರಟು. ವರ್ಷಗಟ್ಟಲೆ ಒಗೆದ ಹತ್ತಿ ಸೀರೆಗೆ ಆ ಮೆತ್ತಗಿನ ಗುಣ ತಾನಾಗಿ ಬಂದಿರುತ್ತದೆ.

ಇದು ಬಡತನದ ಉಪಾಯ, ಮಮತೆಯ ಮಾತು ಆಮೇಲೆ ಹಚ್ಚಿದ ಬಣ್ಣ ಎಂದು ವಾದಿಸಬಹುದು. ಬಡತನದ್ದು ನಿಜವೇ, ಹೊಸ ಹಾಸಿಗೆಗೆ ದುಡ್ಡಿದ್ದವರು ಚಿಂದಿ ಕೂಡಿಡುತ್ತಿರಲಿಲ್ಲ. ಆದರೆ ಹೊದಿಕೆಗೆ ಕೊರತೆಯೇ ಇಲ್ಲದ ಅಮೆರಿಕದಲ್ಲಿ, ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಬಂಧುಗಳು, ಗೆಳೆಯರು ಮೂರಡಿ ಅಗಲ, ಆರಡಿ ಉದ್ದದ ಬಟ್ಟೆಗಳನ್ನು ಹೊಲಿದರು. ಎಷ್ಟೋ ತುಂಡುಗಳಲ್ಲಿ ಸತ್ತವರ ಉಡುಪೇ ಸೇರಿತ್ತು. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಅಂಥ 1,920 ತುಂಡುಗಳನ್ನು ಹಾಸಿದ್ದರು. ಅಲ್ಲಿ ಯಾರಿಗೂ ಚಳಿ ಇರಲಿಲ್ಲ. ಉಟ್ಟವರು ಹೋದ ಮೇಲೆ ಉಳಿದ ಅರಿವಿಯನ್ನು ಏನು ಮಾಡುವುದು ಎಂಬ ಸಂಕಟಕ್ಕೆ ಸೂಜಿ ಒಂದು ದಾರಿ ಕೊಟ್ಟಿತು. ನಮ್ಮ ಕೌದಿ ಸದ್ದಿಲ್ಲದೆ ಮಾಡುತ್ತ ಬಂದದ್ದೂ ಇದನ್ನೇ.

ಹೆಂಗಸರ ಬಿಟ್ಟಿ ದುಡಿಮೆಗೆ ಮಮತೆಯ ಹೆಸರಿಡುತ್ತೀರಿ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದನ್ನು ಒಪ್ಪಿದರೆ ಕೂಲಿಯನ್ನು ಹಳಿಯುವಂತಿಲ್ಲ; ದಿನಗಟ್ಟಲೆ ಬೆನ್ನು ಬಾಗಿಸಿದವಳಿಗೆ ದುಡ್ಡು ಸಲ್ಲಲೇಬೇಕು. ಕೂಡಿ ಹೊಲಿಯುವಾಗಿನ ಒಂದು ಸುಖವಂತೂ ಕಳೆಯಿತು: ಕಣ್ಣು ಸೂಜಿಯ ಮೇಲಿದ್ದರೆ ಯಾರ ಮುಖವನ್ನೂ ನೋಡದೆ ಎದೆಯ ಭಾರ ಇಳಿಸಬಹುದಿತ್ತು. ಹಾಗೆಂದು ರಗ್ಗನ್ನೂ ಹಳಿಯುವಂತಿಲ್ಲ: 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಬೇಕಾದದ್ದು ಅವತ್ತೇ ಕೈಗೆ ಸಿಗುವ ರಗ್ಗು, ಕೌದಿಯಲ್ಲ. ರಗ್ಗಿನೊಂದಿಗೂ ಕೂಲಿಯೊಂದಿಗೂ ಕೌದಿ ಬಾಳೀತು. ಅದಕ್ಕೆ ನಿಜವಾದ ತೊಡಕು ಟ್ರಂಕಿನೊಳಗಿದೆ: ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಎಷ್ಟು ಒಗೆದರೂ ಹತ್ತಿಯಂತೆ ಪಳಗುವುದಿಲ್ಲ. ಮುಂದಿನ ಕೂಸಿನ ಮಗ್ಗುಲಿಗೆ ಹಾಕಲು ಇಂದಿನ ಅಜ್ಜಿಯರು ಯಾವ ಸೀರೆ ಉಳಿಸಿಟ್ಟಾರು?